ಮಗ್ಗದ ಮನೆಯಲ್ಲಿ ಸರ್ವರ್

31 ಆಗಸ್ಟ್ 2025, ಭಾನುವಾರ

ಹಳೇ ಸರ್ವರ್ ಕಥೆ ಮೊದಲು ಹೇಳಿದ್ದು ವಸಂತ್. ಇವತ್ತು ಮಧ್ಯಾಹ್ನ, ಮುದ್ದೆ ಊಟ ಆದ ಮೇಲೆ. ನನ್ನ ಗಂಡ ವಿಜಯ್‌ನ ಚಿಕ್ಕಪ್ಪನ ಮಗ, ಬೆಂಗಳೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಾನೆ. “ಅತ್ತಿಗೆ, ಕಂಪನಿಯೋರು ಚೆನ್ನಾಗಿರೋ ದೊಡ್ಡ ಕಂಪ್ಯೂಟರನ್ನೇ ಬಿಸಾಕ್ತಾರೆ. ಆನೆ ಥರ ಕೆಲಸ ಮಾಡುತ್ತೆ. ಲ್ಯಾಪ್‌ಟಾಪ್‌ಗಿಂತ ಅಗ್ಗ.”

ಸಲಹೆ ಕೊಡೋಕೆ ಎಲ್ಲರೂ ಇದ್ದಾರೆ. ವಿಜಯ್‌ಗೆ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು — ಕೀಲಿಗಳಲ್ಲಿ ಲೈಟ್ ಬರುತ್ತಂತೆ. ಕಾಲೇಜಲ್ಲಿ ಗೆಳತಿ ಸಂಘಮಿತ್ರ ಕ್ಲೌಡ್ ತಗೋ, ಇಂಟರ್ನೆಟ್ಟಲ್ಲೇ ಕಂಪ್ಯೂಟರ್ ಬಾಡಿಗೆಗೆ ಕೊಡ್ತಾರೆ ಅಂತಾಳೆ. ಆಟೋ ಮೀಟರ್ ಥರ ಓಡೋ ಬಾಡಿಗೆ...

ನನಗೆ ಬೇಕಿರೋದು ಇಷ್ಟೇ. ದ್ರಾಕ್ಷಿ ಚಪ್ಪರದೊಳಗೆ ಗಾಳಿ ಹೇಗೆ ಸುಳಿಯುತ್ತೆ, ಬೂಜು ಎಲ್ಲಿ ಮೊದಲು ಕೂರುತ್ತೆ ಅಂತ ಕಂಪ್ಯೂಟರಲ್ಲೇ ಲೆಕ್ಕ ಹಾಕಿ ನೋಡೋ ಸಿಮ್ಯುಲೇಷನ್. ಅಕ್ಟೋಬರ್ 13ರೊಳಗೆ ಕೊಡದಿದ್ದರೆ ಪಿಎಚ್‌ಡಿ ನೋಂದಣಿ ರದ್ದು.

6 ಸೆಪ್ಟೆಂಬರ್

ಬೆಂಗಳೂರಿಗೆ ಹೋಗಿದ್ದೆ. ಕಂಪ್ಯೂಟರ್ ಅಂಗಡಿಯವನು — “ಮೇಡಂ, ಯಾವ ಗೇಮ್ ಆಡ್ತೀರಾ?”

“ಗಾಳಿ.”

“ಹೊಸದಾ? ಕೇಳೇ ಇಲ್ವಲ್ಲ!”

ಕೋರ್ ಎಷ್ಟು ಅಂದ್ರೆ ಗಾಜಿನ ಪೆಟ್ಟಿಗೆ ತೋರಿಸ್ತಾನೆ. ರ‍್ಯಾಮ್ ಎಷ್ಟು ಅಂದ್ರೆ ಬಣ್ಣದ ಫ್ಯಾನ್ ತಿರುಗಿಸ್ತಾನೆ. ಬರಿಗೈಲಿ ದೊಡ್ಡಬಳ್ಳಾಪುರದ ಬಸ್ ಹತ್ತಿದೆ. ವಸಂತ್‌ಗೆ ಫೋನ್ ಮಾಡಿದೆ — ಆ ಹಳೇ ಸರ್ವರೇ ತಂದುಬಿಡಪ್ಪಾ.

14 ಸೆಪ್ಟೆಂಬರ್

ಬಂತು. ಸರ್ವರ್ ಆನ್ ಮಾಡಿದ್ದೇ ತಡ, ಅತ್ತೆ ಪಾಪಕ್ಕ ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದರು. “ಏನವ್ವಾ ಶಾಮಲಾ, ವಿಮಾನ ತಂದ್ಬಿಟ್ಟಾ?”

ಟಿವಿ ಕೇಳಿಸಲ್ಲ, ಮಾತು ಕೇಳಿಸಲ್ಲ. ವಿಜಯ್ ಹೊತ್ತುಕೊಂಡು ಹೋಗಿ ಕೆಳಗೆ ನಮ್ಮ ಮಗ್ಗದ ಶೆಡ್ಡಲ್ಲಿಟ್ಟ. ಕರೆಂಟ್ ಮಗ್ಗಗಳ ಗಲಾಟೆಯಲ್ಲಿ ಇದರ ಸದ್ದು ಯಾರಿಗೂ ಗೊತ್ತೇ ಆಗಲ್ಲ. ನೂಲಿನ ದೂಳು ಒಳಗೆ ಹೋಗುತ್ತೆ ಅಂತ ಮಗ್ಗ ನೋಡ್ಕೊಳ್ಳೋ ಚಿನ್ನಸ್ವಾಮಿ ದಪ್ಪ ಸೀರೆ ಹೊದಿಸಿದ್ದ. “ಉಸಿರು ಕಟ್ಟುತ್ತೆ ಕಣಣ್ಣಾ!” ಅಂದೆ, ಸೀರೆ ತೆಗೆಸಿ ಸೊಳ್ಳೆಪರದೆ ಕಟ್ಟಿದ್ದಾಯ್ತು.

21 ಸೆಪ್ಟೆಂಬರ್

ವಾರ ಪೂರ್ತಿ ಎರರ್. ಇವತ್ತು ಸರಿಯಾಯ್ತು, ಶುರು ಮಾಡಿದೆ. ಹತ್ತು ಹನ್ನೊಂದು ದಿನ ಬೇಕು. ಡಿಸ್ಕ್ ಚಿಕ್ಕದು, ಮಧ್ಯೆ ಮಧ್ಯೆ ಸೇವ್ ಮಾಡೋದನ್ನ ತೆಗೆದುಹಾಕಿದೆ. ನಿಂತರೆ ಮತ್ತೆ ಮೊದಲಿಂದ ಶುರು. ಶೆಡ್ಡಿನ ಲೈನಲ್ಲಿ ಕರೆಂಟ್ ಹೋಗೋದೇ ಅಪರೂಪ, ಯಾಕೆ ನಿಲ್ಲುತ್ತೆ?

1 ಅಕ್ಟೋಬರ್, ಆಯುಧಪೂಜೆ

ನಿಲ್ಲಿಸಿದರು!

ತಲೆಗೆ ಸ್ನಾನ ಮಾಡಿ ಕೆಳಗಿಳಿದರೆ ಶೆಡ್ ಪೂರ್ತಿ ಮೌನ. ಮಗ್ಗಗಳಿಗೆ ವಿಭೂತಿ, ಚೆಂಡುಹೂವು. ನನ್ನ ಸರ್ವರ್‌ಗೂ ಮೂರು ಪಟ್ಟೆ, ನೆತ್ತಿ ಮೇಲೆ ನಿಂಬೆಹಣ್ಣು. ಪ್ಲಗ್ ಕಿತ್ತು ಸುತ್ತಿಟ್ಟಿದ್ದಾರೆ. ನಾಳೆ ಮುಗೀಬೇಕಿತ್ತು...

“ಅತ್ತೇ, ಇದನ್ಯಾಕೆ?”

“ಅದೇನು ಕಬ್ಬಿಣ ಅಲ್ವಾ? ವರ್ಷಕ್ಕೊಂದು ದಿನ ಅದಕ್ಕೂ ಬಿಡುವು ಬೇಡ್ವಾ?”

ಕೂಗಾಡಿಬಿಟ್ಟೆ. ಈಗಲೇ ಹಾಕ್ತೀನಿ ಅಂದರೆ ಅದೂ ಆಗಲ್ಲ — ಪೂಜೆ ಆದ ಯಂತ್ರ, ಇವತ್ತು ಮುಟ್ಟಂಗಿಲ್ಲ. ಈ ಸಲ ಮಧ್ಯೆ ಸೇವ್ ಮಾಡೋಕೆ ದೊಡ್ಡ ಡಿಸ್ಕ್ ತರೋಣ ಅಂದರೆ ಹಬ್ಬ, ಅಂಗಡಿ ಮುಚ್ಚಿದೆ.

ಸಂಜೆ ಶೆಡ್ಡಲ್ಲಿ ಚುರುಮುರಿ ಹಂಚುವಾಗ ಚಿನ್ನಸ್ವಾಮಿ ಮೆಲ್ಲಗೆ ಕೇಳಿದ, “ಅದು ನೇಯ್ತಿದ್ದದ್ದಾದರೂ ಏನಮ್ಮಾ?” ಸಿಟ್ಟಲ್ಲೇ ಶುರು ಮಾಡಿದೆ. ತೂಬಗೆರೆ ಊರಲ್ಲಿ ನಮ್ಮಜ್ಜಿ ಕಥೆ ಹೇಳ್ತಿದ್ದ ಧಾಟಿಯಲ್ಲೇ ಬಂತು. ಒಂದು ದ್ರಾಕ್ಷಿ ಚಪ್ಪರ. ಅದರೊಳಗೆ ಲಕ್ಷಾಂತರ ಪುಟ್ಟ ಕೋಣೆ. ಪ್ರತಿ ಕೋಣೆಯೂ ಪಕ್ಕದ್ದನ್ನ ಕೇಳುತ್ತೆ, ‘ನಿನ್ನ ಹತ್ರ ಗಾಳಿ ಎಷ್ಟಿದೆ?’ ಕೇಳಿದ್ದನ್ನ ಮುಂದಿನದಕ್ಕೆ ಹೇಳುತ್ತೆ. ಒಂದು ಗಳಿಗೆ ಕರೆಂಟ್ ಹೋದರೆ ಎಲ್ಲವೂ ಎಲ್ಲವನ್ನೂ ಮರೀತಾವೆ.

ಯಾರೂ ಚುರುಮುರಿ ಅಗಿಯಲಿಲ್ಲ. ಪಾಪಕ್ಕ — “ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೇನೇ?”

2 ಅಕ್ಟೋಬರ್, ಬೆಳಗ್ಗೆ 8:20

ಆರು ಗಂಟೆಗೇ ಅತ್ತೆ ಎಬ್ಬಿಸಿದರು. “ಮೊದಲು ನಿಂದು.” ಹಾಕಿದೆ. ನಿಲ್ಲದೆ ಓಡಿದರೆ 12ಕ್ಕೆ ಮುಗಿಯುತ್ತೆ. ಒಂದು ಸಲ ನಿಂತರೂ...

ಎಂಟಕ್ಕೆ ಮಗ್ಗದೋರು ಬಂದರು. ಪೂಜೆಯ ಮಾರನೇ ದಿನ ಎಲ್ಲ ಮಗ್ಗ ಒಂದೇ ಏಟಿಗೆ ಶುರುವಾಗಬೇಕು, ಅದು ಈ ಮನೆ ಪದ್ಧತಿ. ಪಾಪಕ್ಕ ಸ್ವಿಚ್ಚಿಗೆ ಅಡ್ಡ ನಿಂತರು. “ಬೇಡ. ಎಲ್ಲಾ ಒಟ್ಟಿಗೆ ಹಾಕಿದರೆ ಕರೆಂಟ್ ಬಗ್ಗುತ್ತೆ, ಇವಳದ್ದು ನಿಂತ್ಹೋಗುತ್ತೆ. ಒಂದೊಂದೇ ಹಾಕ್ರೋ. ಕೋಣೆಗಳು ಮಾತಾಡ್ತಾವೆ.”

ಒಂದು ಮಗ್ಗ. ಎಲ್ಲರೂ ತಿರುಗಿ ಸರ್ವರ್‌ನ ಹಸಿರು ದೀಪ ನೋಡ್ತಾರೆ. ಇನ್ನೊಂದು. ಮತ್ತೆ ನೋಡ್ತಾರೆ. ಈಗ ಚಿನ್ನಸ್ವಾಮಿ ಕೊನೇ ಮಗ್ಗದ ಹತ್ರ. “ಹಾಕ್ಲಾ ಅಮ್ಮಾ?” ಅಂತಾನೆ. ಅತ್ತೆ ನನ್ನ ಕಡೆ ನೋಡಿದರು. ನಾನು ಹೂಂ ಅಂತ ತಲೆ ಆಡಿಸಿದೆ. ಕೊನೇ ಮಗ್ಗವೂ ಶುರುವಾಯ್ತು, ಹಸಿರು ದೀಪ ಇನ್ನೂ ಉರೀತಾ ಇದೆ.