ನೀರುಗಂಟಿಗೆ ರಾಗಿ ಕೊಡದ ಸುಗ್ಗಿ

ಸಿ.ಎಸ್. ಪುರ ಹೋಬಳಿ
18 ಜನವರಿ 2026

ಪ್ರೀತಿಯ ಅನುಪಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದ.

ಕಳೆದ ಮಾರ್ಚ್ ತಿಂಗಳಲ್ಲಿ, ಕಾಲುವೆ ನಮ್ಮ ಕೆರೆಗೆ ಸೇರುವ ಜೌಗಿನಲ್ಲಿದ್ದ ಜೊಂಡನ್ನೂ ಏರಿಯ ಮೇಲಿದ್ದ ಲಕ್ಕಿ ಗಿಡಗಳನ್ನೂ ಎರಡೇ ದಿನದಲ್ಲಿ ಜೆಸಿಬಿಯಿಂದ ಕಿತ್ತುಹಾಕಿದರು. ಅಕ್ಟೋಬರಿನಲ್ಲಿ ಏರಿ ಒಡೆಯಿತು. ಇವೆರಡಕ್ಕೂ ಏನು ಸಂಬಂಧವೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಆಗಲೇ ಬರೆಯಬೇಕಿತ್ತು, ತಡಮಾಡಿದೆ, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಮೂರು ಸಲವೂ ‘ಮೀಟಿಂಗಲ್ಲಿದೀನಿ ಮಾವ’ ಅಂದೆ. ಕಾಗದಕ್ಕೆ ಮೀಟಿಂಗಿನ ಕಾಟವಿಲ್ಲ.

ನಿಮ್ಮಮ್ಮನ ಮಂಡಿನೋವು ಹೇಗಿದೆ? ಮರಳೂರಿನ ನಿಮ್ಮ ಮನೆಯ ಆ ಮೆಟ್ಟಿಲುಗಳನ್ನು ಅವಳು ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತಾಳಂತೆ. ಬೈದಿದ್ದೇನೆ ಅಂತ ಹೇಳು.

ಇಲ್ಲಿ ಕಣ ಮುಗಿಯಿತು. ಏರಿಯ ಕೆಳಗಿನ ಗದ್ದೆಗಳ ಮೇಲೆ ಮೊಣಕಾಲುದ್ದ ಮರಳು ಕೂತಿದೆ. ಹೊಲದ ರಾಗಿ ಮಾತ್ರ ಕೈಗೆ ಬಂತು. ನಮ್ಮೂರಲ್ಲಿ ರಾಗಿ ತೂರಿದ ಮೇಲೆ ಮೊದಲ ಮೊರ ಕೆರೆ ನೀರು ಹಂಚುವ ನೀರುಗಂಟಿಗೆ, ಆಮೇಲೆ ಮನೆಗೆ. ನಮ್ಮಜ್ಜ ಬರಗಾಲದ ವರ್ಷವೂ ಅದನ್ನು ತಪ್ಪಿಸಿರಲಿಲ್ಲ. ಈ ಸಲ ನಮ್ಮ ನೀರುಗಂಟಿ ಚಿಕ್ಕರಂಗಯ್ಯ ಎಂದಿನಂತೆ ಪಂಚೆಯ ಸೆರಗು ಹಿಡಿದು ಕಣದಿಂದ ಕಣಕ್ಕೆ ಹೋದ. ಗದ್ದೆಗೆ ಮರಳು ತುಂಬಿಸಿಕೊಂಡ ರಂಗಣ್ಣ ತನ್ನ ಕಣದಲ್ಲಿ ಮೊರವನ್ನು ಬೋರಲು ಹಾಕಿ, ‘ಜೊಂಡು ಕೀಳ್ಸಿದೋನಿಗೆ ಜೊಂಡೇ ಉಣ್ಣಕ್ಕೆ ಹೇಳ್ರಲಾ’ ಅಂದನಂತೆ. ಉಳಿದವರು ನಕ್ಕರಂತೆ. ಐವತ್ತು ವರ್ಷ ಇವರ ಗದ್ದೆಗೆ ನೀರು ಹಾಯಿಸಿದ ಮನುಷ್ಯ ಖಾಲಿ ಸೆರಗು ಕೊಡವಿಕೊಂಡು ಮನೆಗೆ ಬಂದ.

ಎರಡು ವರ್ಷದ ಹಿಂದೆ ಕೆರೆ ಅಭಿವೃದ್ಧಿ ಯೋಜನೆಯ ವರದಿ ಬರೆಯಲು ನೀನು ಇಲ್ಲಿಗೆ ಬಂದಾಗ ಅವನು ಮೂರು ದಿನ ನಿನ್ನನ್ನು ಕೆರೆ ಸುತ್ತಿಸಿದ್ದು ನೆನಪಿದೆಯೇ? ಜೌಗಿನ ಅಂಚಿನಲ್ಲಿ ಕೂತು ಹೇಳಿದ್ದ: ‘ನೋಡವ್ವ, ಈ ಜೊಂಡು ಇರಾದು ನೀರಿಗೆ ಮೂಗುದಾರ ಹಾಕಕ್ಕೆ. ಕಿತ್ಬುಟ್ರೆ ಕೋಣ ನುಗ್ದಂಗೆ ನುಗ್ತದೆ. ಲಕ್ಕಿ ಬೇರು ಏರಿ ಮಣ್ಣ ಹಿಡ್ಕಂಡೈತೆ. ಅದ್ರ ತಂಟೆಗೆ ಹೋಗ್ಬ್ಯಾಡಿ.’ ನೀನು ಬರೆದುಕೊಂಡೆ, ನಕ್ಷೆ ಮಾಡಿದೆ. ಕರಡು ವರದಿಯ ಹದಿನೇಳನೇ ಪುಟದಲ್ಲಿ ಅವನ ಮಾತೇ ಇತ್ತು. ನಾನು ಓದಿ ಹೇಳಿದಾಗ ಅವನ ಹೆಂಡತಿ ಹೊಂಬಾಳಮ್ಮ, ‘ನಮ್ಮನೆಯೋನು ಬುಕ್ಕಲ್ಲಿ ಬಂದವ್ನೆ, ಇನ್ನು ಮನೇಲಿ ಇವನ ಮಾತು ಕೇಳ್ಬೇಕಲ್ಲಪ್ಪ’ ಅಂತ ರೇಗಿಸಿದ್ದಳು.

ಅಂತಿಮ ವರದಿಯಲ್ಲಿ ಆ ಪುಟವಿಲ್ಲ. ಕೆಲಸ ಶುರುವಾದ ದಿನ ಗುತ್ತಿಗೆದಾರನ ಕಡೆಯ ಮೋಹನ್‌ಕುಮಾರನನ್ನು, ಇವನ್ನೆಲ್ಲ ಯಾಕೆ ಕೀಳುತ್ತೀರಿ ಅಂತ ಕೇಳಿದೆ. ‘ಪೊದೆ ಇದ್ರೆ ಹಾವು ಬರ್ತವೆ ಸಾರ್. ಫೋಟೋನೂ ಚೆನ್ನಾಗ್ ಬರಲ್ಲ’ ಅಂದ. ಲಕ್ಕಿ ಇದ್ದ ಕಡೆ ಟೈಲ್ಸ್ ಹಾಕಿದರು, ವಾಕಿಂಗ್ ದಾರಿಯಾಯಿತು. ಹುಲ್ಲು ಹಾಸಿ, ದನ ಹತ್ತದಂತೆ ಬೇಲಿ ಕಟ್ಟಿದರು. ಪಕ್ಕದಲ್ಲಿ ದೊಡ್ಡ ಬೋರ್ಡು: ‘ಪ್ರಕೃತಿ ಆಧಾರಿತ ಪರಿಹಾರ.’ ಅದರ ಮೇಲೆ ಜೊಂಡಿನ ಬಣ್ಣದ ಚಿತ್ರ. ಜೊಂಡನ್ನು ಕಿತ್ತವರು ಅದರ ಚಿತ್ರ ಬರೆಸುವುದನ್ನು ಮರೆಯಲಿಲ್ಲ. ಪ್ರವಾಹ ಇಳಿದ ಮೇಲೆ ನೋಡಿದರೆ ಏರಿ ಇರಲಿಲ್ಲ, ಬೋರ್ಡು ನಿಂತಿತ್ತು.

ಒಂದು ರಾತ್ರಿ, ಮತ್ತೆ ಅರ್ಧ ಹಗಲಿನ ಮಳೆ ಅಷ್ಟೇ. ನಾನು ಹೈಸ್ಕೂಲಿನಲ್ಲಿದ್ದಾಗ ಇದಕ್ಕಿಂತ ದೊಡ್ಡ ಮಳೆ ಬಂದು ಗುಬ್ಬಿ ರಸ್ತೆ ಮೂರು ದಿನ ಮುಚ್ಚಿತ್ತು. ಆಗ ಜೌಗು ತುಂಬಿ, ನಿಂತು, ನಿಧಾನವಾಗಿ ನೀರು ಬಿಟ್ಟಿತ್ತು. ಏರಿಯ ಒಂದು ಹಿಡಿ ಮಣ್ಣೂ ಜಾರಿರಲಿಲ್ಲ. ಈ ಸಲ ತಡೆಯುವವರೇ ಇರಲಿಲ್ಲ. ಚಿಕ್ಕರಂಗಯ್ಯನ ಮನೆಯ ಹಿಂದಿನ ಗೋಡೆ ಹೋಯಿತು, ಎರಡು ಹಸು ಹೋದವು.

ಡಿಸೆಂಬರಿನಲ್ಲಿ ತನಿಖೆಯ ವರದಿ ಬಂತು. ‘ಸ್ಥಳೀಯ ನೀರುಗಂಟಿಯ ಸಲಹೆ ಹಾಗೂ ಲಿಖಿತ ಒಪ್ಪಿಗೆಯ ಮೇರೆಗೆ ಜೊಂಡು ಮತ್ತು ಪೊದೆಗಳನ್ನು ತೆರವುಗೊಳಿಸಲಾಗಿದೆ.’ ಜೊತೆಗೆ ಒಪ್ಪಿಗೆ ಪತ್ರ, ಅದರಲ್ಲಿ ಅವನ ಹೆಬ್ಬೆಟ್ಟು. ಪಂಚಾಯಿತಿ ಗೋಡೆಯ ಮೇಲೆ ಅದನ್ನು ಅಂಟಿಸಿದ್ದಾರೆ. ಊರು ನಂಬಿತು. ಟೈಲ್ಸ್ ಹಾಕಿದವನ ಮೇಲೆ ಸಿಟ್ಟಾಗಲು ಗುಬ್ಬಿಗೋ ತುಮಕೂರಿಗೋ ಹೋಗಬೇಕು. ನೀರುಗಂಟಿ ಕೂಗಳತೆಯಲ್ಲೇ ಸಿಗುತ್ತಾನೆ.

ಅವನೀಗ ಏರಿಯ ಕಡೆ ಹೋಗುವುದಿಲ್ಲ. ನಿನ್ನೆ ನಮ್ಮ ಜಗಲಿಯಲ್ಲಿ ಕೂತು, ‘ರಾಗಿ ಇಲ್ದಿದ್ರೆ ಬುಡಿ ಮೇಷ್ಟ್ರೇ, ಕೂಲಿ ಮಾಡಿ ತಿಂತೀನಿ. ನಾನು ಹಂಗಂದೆ ಅಂತ ಬರ್ದವ್ರಲ್ಲ, ನಾನು ಹಂಗಂದ್ನಾ?’ ಅಂತ ಕೇಳಿದ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಎದ್ದುಹೋದೆ.

ನೀನು ಕೆಟ್ಟವಳಲ್ಲ. ಮೇಲಿನವರು ಪುಟ ತೆಗೆ ಅಂದಿರಬಹುದು, ನೀನು ತೆಗೆದಿರಬಹುದು. ಆದರೆ ಆ ಅಂತಿಮ ವರದಿಯ ಕೊನೆಯ ಪುಟದಲ್ಲಿರುವ ಸಹಿ ನಿನ್ನದು. ನಿನಗೆ ಒಳ್ಳೆಯದಾಗಲಿ, ಆರೋಗ್ಯ ನೋಡಿಕೊ. ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಈ ಸಲ ಹರಸಲಾರೆ.

ನಿನ್ನ ಮಾವ
ವೀರಭದ್ರಯ್ಯ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಹೆಬ್ಬೆಟ್ಟು ಒತ್ತಿಸಿದವನು ನಾನು. ‘ಸಭೆಯ ಹಾಜರಿ ಹಾಳೆ ಮಾವ, ಚಿಕ್ಕರಂಗಯ್ಯಂದು ಹೆಬ್ಬೆಟ್ಟು ಹಾಕ್ಸಿ ಕಳ್ಸಿ’ ಅಂತ ಕೆಲಸ ಶುರುವಾಗುವ ಮೊದಲು ನೀನು ಕಳಿಸಿದ ಹಾಳೆಯ ಮೇಲ್ಭಾಗ ಖಾಲಿ ಇತ್ತು. ಖಾಲಿ ಹಾಳೆಗೆ ಸಹಿ ಹಾಕಬೇಡಿ ಅಂತ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಅವನು, ‘ಏನಂತ ಬರೀತಾರೆ ಮೇಷ್ಟ್ರೇ?’ ಅಂದ. ‘ನಮ್ಮ ಅನು ಕಳ್ಸಿರೋದು ಕಣೋ, ಒತ್ತು’ ಅಂತ ನಾನೇ ಅವನ ಬೆರಳು ಹಿಡಿದು ಒತ್ತಿಸಿದೆ. ಇಪ್ಪತ್ತಾರರಂದು ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಇದೆ. ನಾನು ಎದ್ದು ಇದನ್ನು ಹೇಳುತ್ತೇನೆ. ನೀನು ಆ ಹದಿನೇಳನೇ ಪುಟ ಹಿಡಿದುಕೊಂಡು ಬಾ. ಖಾಲಿ ಜಾಗದಲ್ಲಿ ಆ ಒಪ್ಪಿಗೆಯನ್ನು ಬರೆದವರು ಯಾರು ಅಂತ ಊರಿನೆದುರು, ಚಿಕ್ಕರಂಗಯ್ಯನ ಮುಖ ನೋಡಿ ಹೇಳು.