ನಿಮ್ಮಣ್ಣ ಕೊಟ್ಟ ಚಾವಿ

ಪಾಲಬಾವಿ
೨೦ ಫೆಬ್ರುವರಿ ೨೦೨೪, ಮಂಗಳವಾರ

ತಂಗಿ ಸೀತವ್ವನಿಗೆ,

ಈಗ ಸಂಜೆ ಆರೂವರೆ. ಬೆಳಿಗ್ಗೆ ನಿಪ್ಪಾಣಿಗೆ ಹೋಗಿದ್ದವಳು ಬಂದು, ಎಮ್ಮೆ ಹಿಂಡಿ, ಕಾಲು ತೊಳೆದು ಕುಳಿತಿದ್ದೇನೆ. ಸಂಕ್ರಮಣಕ್ಕೆ ನೀನು ಕಳಿಸಿದ ಕುಸುರೆಳ್ಳು ಮುಟ್ಟಿತು. ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನ್ ಇದ್ದೂ ಯಾಕೆ ಬರೆಯುತ್ತಾಳೆ ಎಂದು ನಗುತ್ತೀ. ನಿನ್ನ ದನಿ ಕೇಳಿದರೆ ನನಗೆ ಮಾತು ಬರುವುದಿಲ್ಲ.

ನಿಮ್ಮಪ್ಪನ ಕಿಸೆ ಗಡಿಯಾರದ ಸುದ್ದಿ ಇದು. ನಿಮ್ಮಣ್ಣ, ನನ್ನ ಮನೆಯವರು, ತೀರಿಹೋದ ದಿನದಿಂದ ನಿಂತಿತ್ತಲ್ಲ, ಐದು ತಿಂಗಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಚಿಕ್ಕೋಡಿ ಅಂಗಡಿಯವನು ತೆರೆದೂ ನೋಡಲಿಲ್ಲ. "ಇದನ್ನ ಷೋಕೇಸಿನಾಗ ಇಡ್ರಿ" ಅಂದ. ನಿಪ್ಪಾಣಿಯ ಬಾಳಾಸಾಬ ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದ. ಒಳಗೆ ಅತ್ತಿತ್ತ ಆಡುವ ಚಕ್ರದ ಕಡ್ಡಿ ಮುರಿದಿದೆಯಂತೆ, ಕೂದಲಿನಷ್ಟು ಸಣ್ಣದು. "ಮಾವಶಿ, ಹೊಸಾದು ಎಲ್ಲೂ ಸಿಗಂಗಿಲ್ರಿ. ಇದರ ಜೋಡಿದು ಒಂದು ಸತ್ತ ಗಡಿಯಾಳ ಹುಡುಕಿ ತರ್ರಿ. ಅದರದು ತಗದು ಇದಕ್ಕ ಹಾಕ್ತೀನಿ" ಅಂದ.

ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆ ಕೇಳಿದೆ. ಕಡೆಗೆ ಮುಗಳಖೋಡದಲ್ಲಿ ನನ್ನ ಗೆಳತಿ ಮಲಕವ್ವನ ಮನೆಯಲ್ಲಿ ಸಿಕ್ಕಿತು. ಅವಳ ಮಾವನದು. ಮುಳ್ಳಿಲ್ಲ, ಗಾಜಿಲ್ಲ, ಮೊಮ್ಮಗಳು ಅಡುಗೆ ಆಟದಲ್ಲಿ ಅದನ್ನೇ ರೊಟ್ಟಿ ಮಾಡಿಕೊಂಡಿದ್ದಳು. ಮಲಕವ್ವ ಕಸಿದುಕೊಂಡು ಒರೆಸಿ, "ಒಯ್ಯಬೇ ಗೌರಾಬಾಯಿ. ನಮ್ಮ ಮಾವ ಇದ್ದಾಗ ಯಾರಿಗೂ ಒಂದು ಎಲಿ-ಅಡಿಕಿ ಕೊಟ್ಟಾಂವಲ್ಲ, ಈಗರ ಏನರ ಕೊಟ್ಟಂಗಾಗ್ಲಿ" ಅಂದಳು. ಎಷ್ಟೋ ದಿನಕ್ಕೆ ನಕ್ಕೆ.

ಇವತ್ತು ಹಿಂದಿನ ಮುಚ್ಚಳ ತೆಗೆದವನೇ ಬಾಳಾಸಾಬ ಕೈ ನಿಲ್ಲಿಸಿದ.

"ಚಾವಿ ಯಾರ ಕೊಟ್ಟಿದ್ರಿ? ಪೂರ್ತಿ ತುಂಬೈತಿ. ಇದನ್ನ ಇಳಿಸದ ಬಿಚ್ಚಾಕ ಬರಂಗಿಲ್ಲ."

"ನಮ್ಮ ಮನಿಯವರು, ಹೋದ ದಿನ ಮುಂಜಾನಿ" ಅಂದೆ.

ಅವನು ಗಡಿಯಾರವನ್ನು ನನ್ನ ಕಡೆ ಸರಿಸಿದ. "ಹಂಗಾರ ನೀವ ಇಳಿಸ್ರಿ. ಗಟ್ಟಿ ಹಿಡೀರಿ, ಸಾವಕಾಶ ಬಿಡ್ರಿ."

ಅವನು ಒಳಗಿನ ಕೊಂಡಿ ಎತ್ತಿ ಹಿಡಿದ. ಚಾವಿಯ ಗುಂಡಿ ನನ್ನ ಎರಡು ಬೆರಳ ನಡುವೆ ಹಿಂದಕ್ಕೆ ತಿರುಗತೊಡಗಿತು. ಸೀತವ್ವ, ಅದು ನಿಮ್ಮಣ್ಣನ ಬೆರಳಿನ ಬಲ. ಐದು ತಿಂಗಳು ಒಳಗೇ ಇತ್ತು. ನನ್ನ ಬೆರಳನ್ನು ದೂಡುತ್ತ ದೂಡುತ್ತ ಮುಗಿಯಿತು.

ಆಮೇಲೆ ಚಕ್ರ ಬದಲಿಸಿದ, ಗಡಿಯಾರ ನಡೆಯಿತು. ಒಂದು ದಿನ ನಡೆಸಿ ನೋಡುತ್ತೇನೆಂದು ಇಟ್ಟುಕೊಂಡಿದ್ದಾನೆ. ನಿಮ್ಮಪ್ಪನದು ಅದು, ನಿನಗೇ ಸೇರಬೇಕು. ಮಕ್ಕಳಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ವೈನಿ,
ಗೌರಾಬಾಯಿ

ತಾ.ಕ.: ನಿಮ್ಮಣ್ಣ ಹೊಲದಲ್ಲಿ ಬಿದ್ದಾಗ ಗಡಿಯಾರ ಅವರ ಕಿಸೆಯಲ್ಲೇ ಕೆಟ್ಟಿತೆಂದು ನಿಮಗೆಲ್ಲ ಹೇಳಿದ್ದೆ. ಸುಳ್ಳು. ಅಂದು ಬೆಳಿಗ್ಗೆ ಎದೆ ಉರಿಯುತ್ತದೆ ಅಂದರು. ದವಾಖಾನೆಗೆ ನಡೆಯಿರಿ ಎಂದು ಮೂರು ಸಲ ಅಂದೆ. ಚಾವಿ ಕೊಡುವಾಗ ಅವರು ಮಾತಾಡುತ್ತಿರಲಿಲ್ಲ, ಸುತ್ತು ಎಣಿಸುತ್ತಿದ್ದರು, ನಿನಗೆ ಗೊತ್ತು. ಸಿಟ್ಟಿಗೆದ್ದು ಗಡಿಯಾರ ಕಸಿದು ಗೋಡೆಗೆ ಒಗೆದೆ. ಅವರು ಎತ್ತಿಕೊಂಡು ಕಿವಿಗೆ ಹಿಡಿದರು. "ನಿಪ್ಪಾಣಿಗೆ ಒಯ್ದ್ರ ಆತ ಬಿಡ" ಎಂದು ಕಿಸೆಗೆ ಹಾಕಿಕೊಂಡು ಕಬ್ಬಿಗೆ ನೀರು ಬಿಡಲು ಹೋದರು. ನನಗೆ ನಾಚಿಕೆಯಾಗಿ ದವಾಖಾನೆಯ ಮಾತನ್ನು ನಾಲ್ಕನೇ ಸಲ ಹೇಳಲಿಲ್ಲ. ಮಧ್ಯಾಹ್ನ ಅವರನ್ನು ಹೊತ್ತು ತಂದರು.

ಇಷ್ಟು ತಿಳಿದ ಮೇಲೂ ನನ್ನ ಕೈಯಿಂದ ತೆಗೆದುಕೊಳ್ಳುವುದಾದರೆ ಗಡಿಯಾರ ತಂದು ಕೊಡುತ್ತೇನೆ. ನಾಳೆ ಏಳರ ಬಸ್ಸಿಗೆ ನಿಪ್ಪಾಣಿಗೆ ಹೊರಡುತ್ತೇನೆ. ಬಾಳಾಸಾಬ ಹತ್ತಕ್ಕೆ ಅಂಗಡಿ ತೆಗೆಯುತ್ತಾನೆ.