ರವೀಶನ ಅಳತೆಯ ಸೀಟು

ಚೇಳೂರು, ಗುಬ್ಬಿ ತಾಲ್ಲೂಕು
11-8-2002, ಭಾನುವಾರ

ಮಂಜುಶ್ರೀ ಅಪ್ಪಾಜಿಗೆ,

ತ್ರಿವೇಣಿಯ ನಮಸ್ಕಾರ. ಪ್ರತಿ ಸಲ ಮೇಲೆ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ನಿಮ್ಮ ಆರೋಗ್ಯ ಹೇಗಿದೆ? ಲೇಹ್‌ನ ಒಣಗಾಳಿಗೆ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದು ಬರೆದಿದ್ದಿರಿ. ರಾತ್ರಿ ಮಲಗುವಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಕಳೆದ ಸಲ ಕೊಟ್ಟು ಕಳಿಸಿದ ಬಾಟಲಿ ಇನ್ನೂ ಇರಬೇಕು. ಸಿಟ್ಟು ಎಷ್ಟಿದ್ದರೂ ಈ ಮಾತು ಬರೆಯದೆ ಇರಲು ನನ್ನಿಂದ ಆಗುವುದಿಲ್ಲ, ಅದೇ ನನ್ನ ಕರ್ಮ. ಇಲ್ಲಿ ಅತ್ತೆಯ ಮಂಡಿನೋವು ಹಾಗೇ ಇದೆ. ಮಂಜುಶ್ರೀ ಸ್ಕೂಲಿನ ಆಗಸ್ಟ್ ಹದಿನೈದಕ್ಕೆ ಡ್ರಿಲ್ ಮಾಡುತ್ತಾಳಂತೆ. ನಮ್ಮಪ್ಪ ಮಿಲಿಟರೀಲಿ ಡ್ರೈವರ್ ಎಂದು ಹೇಳಿ ಮುಂದಿನ ಸಾಲಿನಲ್ಲಿ ಜಾಗ ಗಿಟ್ಟಿಸಿಕೊಂಡಿದ್ದಾಳೆ.

ಇನ್ನು ನಮ್ಮ ಗಾಡಿಯ ವಿಷಯ. ಹೋದ ರಜೆಯಲ್ಲಿ ನೀವು ಮಿಲಿಟರಿ ಹರಾಜಿನ ಆ ಹಳೆ ಟ್ರಕ್ಕನ್ನು ಅಂತರಸನಹಳ್ಳಿಯ ಆಂಜನಪ್ಪನ ಗ್ಯಾರೇಜಿಗೆ ತಂದು ನಿಲ್ಲಿಸಿದಾಗ ಅದಕ್ಕೆ ಇಂಜಿನ್ ಇರಲಿಲ್ಲ, ಬಾಗಿಲಿರಲಿಲ್ಲ, ಒಳಗೆ ಹುಲ್ಲು ಬೆಳೆದಿತ್ತು. ಅವತ್ತು ನೀವು ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, “ತ್ರಿವೇಣಿ, ಇದು ನಿಂದು ಕಣೇ. ಇನ್ಮೇಲೆ ಟ್ರಾಕ್ಟರ್‌ನೋರ ಕೈಕಾಲು ಹಿಡಿಯೋದು ಬೇಡ” ಅಂದಿರಿ. ನನಗೆ ಕಣ್ಣು ತುಂಬಿ ಬಂದಿತ್ತು. ನಿಮಗೇ ಗೊತ್ತಲ್ಲ, ತೋಟ ತೋಟ ಸುತ್ತಿ ತೆಂಗಿನಕಾಯಿ ಸಿಪ್ಪೆ ಎತ್ತಿ ಗುಬ್ಬಿಯ ನಾರಿನ ಫ್ಯಾಕ್ಟರಿಗೆ ಹಾಕುವ ಈ ವ್ಯವಹಾರ ನಾನು ಒಬ್ಬಳೇ ಕಟ್ಟಿದ್ದು. ಮಳೆ ಬಿದ್ದರೆ ಸಾಕು, ಟ್ರಾಕ್ಟರಿನವರು ತೋಟಕ್ಕೆ ಇಳಿಯುವುದಿಲ್ಲ, ಸಿಪ್ಪೆ ಅಲ್ಲೇ ನೆನೆದು ಕೊಳೆಯುತ್ತದೆ. ನಂದೇ ಗಾಡಿ, ನಾನೇ ಡ್ರೈವರ್ ಆದರೆ ಯಾರ ಹಂಗೂ ಇಲ್ಲ ಎಂದು ಗುಬ್ಬಿಗೆ ಹೋಗಿ, ನೋಡಿದವರೆಲ್ಲ ನಕ್ಕರೂ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದೆ.

ಆಮೇಲೆ ಶುರುವಾಯಿತಲ್ಲ ನಮ್ಮ ಕಾಗದದ ಯುದ್ಧ. ಗಾಡಿಗೆ ಯಾವ ಗೇರ್‌ಬಾಕ್ಸ್ ಹಾಕಿಸಲಿ ಎಂದು ನೀವೇ ನನ್ನನ್ನು ಕೇಳಿದಿರಿ. ನೀವು ಫೋರ್ ವೀಲ್ ಅಂದಿರಿ, ನಾನು ಆಲ್ ವೀಲ್ ಅಂದೆ. ಟಾರು ರೋಡಿನಲ್ಲಿ ಹಿಂದಿನ ಎರಡು ಚಕ್ರ ಎಳೆದರೆ ಸಾಕು, ಕೆಸರು ಬಂದಾಗ ಲಿವರ್ ಹಾಕಿದರೆ ನಾಲ್ಕೂ ಎಳೆಯುತ್ತವೆ, ಡೀಸೆಲ್ ಉಳಿಯುತ್ತದೆ, ಮಿಲಿಟರಿಯಲ್ಲಿ ಇದೇ ನಡೆಯುವುದು ಎಂದು ನೀವು ಬರೆದಿರಿ. ಲಿವರ್ ಒಂದೇ ಅಲ್ಲವಲ್ಲ, ಕೆಳಗಿಳಿದು ಮುಂದಿನ ಚಕ್ರದ ನಡುವಿನ ಬಿಲ್ಲೆಯನ್ನೂ ತಿರುಗಿಸಬೇಕು. ನಮ್ಮ ದಾರಿ ಅರ್ಧ ಕೆಸರು, ಅರ್ಧ ಟಾರು. ಒಂದೊಂದು ತೋಟಕ್ಕೂ ಸೀರೆ ಎತ್ತಿ ಕಟ್ಟಿ ಇಳಿದು ಹತ್ತಿ ನಾನು ಸಾಯಬೇಕೇ, ಬೆಂಗಳೂರಿನ ಗುಜರಿಯಲ್ಲಿ ನಾಲ್ಕೂ ಚಕ್ರ ಸದಾ ಎಳೆಯುವ ಗೇರ್‌ಬಾಕ್ಸ್ ಸಿಗುತ್ತದಂತೆ, ಅದನ್ನೇ ಹಾಕಿಸಿ ಎಂದು ನಾನು ಬರೆದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು ನಮ್ಮದು. ಆದರೂ ಸುಳ್ಳು ಹೇಳುವುದಿಲ್ಲ, ಮದುವೆಯಾದ ಮೇಲೆ ನೀವು ಯಾವ ವಿಷಯಕ್ಕೂ ನನ್ನ ಜೊತೆ ಇಷ್ಟು ಚರ್ಚೆ ಮಾಡಿರಲಿಲ್ಲ. ನೀವು ಗೇರ್‌ಬಾಕ್ಸಿನ ಚಿತ್ರ ಬರೆದು ಕಳಿಸಿದ ಆ ಕಾಗದವನ್ನು ಓದಿ ಓದಿ ಮಡಿಕೆ ಹರಿದುಹೋಗಿದೆ. ಕೊನೆಗೆ ಜೂನ್‌ನಲ್ಲಿ ನೀವೇ ಸೋತು, “ಓಡಿಸೋಳು ನೀನು, ನಿನ್ನಿಷ್ಟದಂತೇ ಆಗ್ಲಿ, ಆಂಜನಪ್ಪಂಗೆ ಫೋನ್ ಮಾಡಿ ಹೇಳ್ತೀನಿ” ಎಂದು ಬರೆದಿರಿ. ಅವತ್ತು ನಾನು ಕೇರಿಗೆಲ್ಲ ಒಬ್ಬಟ್ಟು ಹಂಚಿದೆ.

ಮೊನ್ನೆ ಶುಕ್ರವಾರ ಗಾಡಿ ರೆಡಿ ಎಂದು ಗ್ಯಾರೇಜಿನಿಂದ ಫೋನ್ ಬಂತು. ಹೋದೆ. ಹಸಿರು ಬಣ್ಣ ಹೊಡೆದಿದ್ದರು, ಚೆನ್ನಾಗಿತ್ತು. ಖುಷಿಯಲ್ಲಿ ಹತ್ತಿ ಕುಳಿತರೆ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟಿನ ತುದಿಗೆ ಜರುಗಿದರೂ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆಯೋಣವೆಂದರೆ ಅದನ್ನು ವೆಲ್ಡ್ ಮಾಡಿ ಕೂರಿಸಿಬಿಟ್ಟಿದ್ದಾರೆ. ಆಂಜನಪ್ಪನ ಪದ್ಧತಿ ನಿಮಗೆ ಗೊತ್ತಿದ್ದದ್ದೇ: ಗಾಡಿ ಓಡಿಸುವವರನ್ನೇ ಕರೆಸಿ, ಕೂರಿಸಿ, ಕಾಲಿನ ಅಳತೆ ನೋಡಿ ಆಮೇಲೆ ಸೀಟು ಹಾಕುವುದು. ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಆ ಮನುಷ್ಯ ಪಾಪ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ಅಕ್ಕ, ಇದು ನಿಮ್ ಮೈದುನ ರವೀಶಪ್ಪನ ಅಳತೆ ಕಣಕ್ಕ. ಕುಣಿಗಲ್‌ನಿಂದ ಅವ್ರನ್ನ ಕರ್ಕೊಂಡು ಬಂದು ಸಾಹೇಬ್ರೇ ಕೂರ್ಸಿದ್ರಲ್ಲ, ಹೋದ ರಜದಲ್ಲೇ. ನಿಮ್ಗೆ ಗೊತ್ತಿಲ್ವಾ?” ಅಂದ. ನೋಡಿದರೆ ಗೇರಿನ ಪಕ್ಕದಲ್ಲೇ ಲಿವರ್ ನಿಂತಿದೆ. ಆಲ್ ವೀಲ್ ಮಾತನ್ನೇ ನೀವು ಅವನಿಗೆ ಹೇಳಿರಲಿಲ್ಲವಂತೆ. ಗಾಡಿ ಕುಣಿಗಲ್ಲಿಗೆ ಹೋಗುತ್ತದೆ, ಕ್ವಾರಿಯಲ್ಲಿ ಜಲ್ಲಿ ಹೊಡೆಯುವುದಕ್ಕೆ ಎಂದು ಮೊದಲ ದಿನವೇ ಹೇಳಿದ್ದಿರಂತೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಇದು ನಿಂದು ಅಂದಿರಲ್ಲ, ಆ ರಜೆಯಲ್ಲೇ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರಿಗೂ ಗೊತ್ತಿತ್ತು. “ಗಂಡುಸ್ರು ಓಡ್ಸೋ ಗಾಡಿ ಕಣವ್ವ ಅದು, ನಿಂಗ್ಯಾಕೆ ಬುಡು. ನಿನ್ ಮೈದುನಂಗೂ ಒಂದ್ ದಾರಿ ಆಗ್ಬೇಕಲ್ಲ” ಅಂದರು. ರವೀಶನಿಗೆ ಕೆಲಸವಿಲ್ಲದ್ದು ನನಗೆ ಗೊತ್ತಿಲ್ಲವೇ? ಅವನ ಮದುವೆಗೆ ನಾನೇ ಮುಂದೆ ನಿಂತು ಓಡಾಡಿದವಳು. ನೀವು ನೇರವಾಗಿ, ತಮ್ಮನಿಗೆ ಕೊಡುತ್ತೇನೆ ಅಂದಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಸುಮ್ಮನಾಗುತ್ತಿದ್ದೆನೋ ಏನೋ. ಕೊಟ್ಟದ್ದಕ್ಕಿಂತ ನೀವು ನನ್ನನ್ನು ಕೇಳಿದ್ದು ನೋವು ರೀ. ಮುಗಿದುಹೋದ ವಿಷಯವನ್ನು ತಿಂಗಳುಗಟ್ಟಲೆ ಕೇಳಿದಿರಿ, ವಾದ ಮಾಡಿದಿರಿ, ಸೋತ ಹಾಗೆ ನಟಿಸಿದಿರಿ. ಹೀಗೆ ಮೂಗಿಗೆ ತುಪ್ಪ ಸವರಲು ನಾನೇನು ಮಂಜುಶ್ರೀಗಿಂತ ಚಿಕ್ಕವಳೇ? ನೀವು ಅಲ್ಲಿ ಕೂತು ಆ ಚಿತ್ರ ಬರೆಯುವಾಗ ನಗುತ್ತಿದ್ದಿರಾ, ಇಲ್ಲ ಸ್ವಲ್ಪವಾದರೂ ಸಂಕಟವಾಗುತ್ತಿತ್ತಾ? ನಿನ್ನೆಯೆಲ್ಲ ಇದೊಂದನ್ನೇ ಯೋಚಿಸಿದೆ. ಅನ್ನ ಸೀದುಹೋಯಿತು. ನಿಮ್ಮನ್ನು ನಂಬಿದ್ದಕ್ಕೆ ನನಗೆ ನನ್ನ ಮೇಲೇ ನಾಚಿಕೆಯಾಗುತ್ತಿದೆ.

ಮಂಜುಶ್ರೀ ನಿಮಗೊಂದು ಮುತ್ತು ಬರೆಯಲು ಹೇಳಿದ್ದಾಳೆ, ಅವಳ ಪಾಲಿನದನ್ನು ಬರೆದಿದ್ದೇನೆ. ಅತ್ತೆಯ ಆಶೀರ್ವಾದವೂ ಇದೆ. ಜೊತೆಯಲ್ಲಿರುವವರಿಗೆಲ್ಲ ನಮಸ್ಕಾರ ತಿಳಿಸಿ. ಆ ಗುಡ್ಡದ ರಸ್ತೆಗಳಲ್ಲಿ ನಿಧಾನವಾಗಿ ಓಡಿಸಿ, ದೇವರಾಯನದುರ್ಗದ ಸ್ವಾಮಿ ನಿಮ್ಮನ್ನು ಕಾಯಲಿ.

ಇಂತಿ,
ತ್ರಿವೇಣಿ

ಇನ್ನೊಂದು ಮಾತು: ಪೋಸ್ಟ್‌ಗೆ ಹಾಕುವ ಮೊದಲು ಇದನ್ನು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇವತ್ತು ಸೋಮವಾರ. ಗಾಡಿ ಒಯ್ಯಲು ರವೀಶ ನಾಳೆ ಬರುತ್ತಾನಂತೆ, ಅತ್ತೆ ಹೂವು ಹಣ್ಣು ತರಿಸಿಟ್ಟಿದ್ದರು. ಅದನ್ನು ಎತ್ತಿಕೊಂಡು ನಾನು ಬೆಳಿಗ್ಗೆಯೇ ಅಂತರಸನಹಳ್ಳಿಗೆ ಹೋದೆ. ಆಂಜನಪ್ಪ ಮೊದಲು ಆಗಲ್ಲ ಅಂದ. ಡ್ರೈವರ್ ನಾನು, ಅಳತೆ ತಗೊಳ್ಳಿ ಎಂದು ಹತ್ತಿ ಕುಳಿತೆ. ನನ್ನ ಮುಖ ನೋಡಿ ವೆಲ್ಡಿಂಗ್ ಕತ್ತರಿಸಿ ಸೀಟನ್ನು ಮುಂದಕ್ಕೆ ತಂದುಕೊಟ್ಟ. ಲಿವರ್ ಇದ್ದರೆ ಇರಲಿ, ಕೆಸರಿಗೆ ಇಳಿಯುವುದು ನನಗೇನು ಹೊಸದಲ್ಲ. ಪೂಜೆ ಮಾಡಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ತುಳಿಸಿಕೊಂಡು ಬಂದವಳು ನಾನೇ. ಗಾಡಿ ಈಗ ನಮ್ಮ ಮನೆ ಮುಂದೆ ನಿಂತಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ರವೀಶನಿಗೆ ಏನು ಹೇಳಬೇಕೋ ನೀವೇ ಬರೆಯಿರಿ. ರಜೆಗೆ ಬಂದಾಗ ನಿಮಗೂ ಓಡಿಸುವ ಆಸೆಯಾದರೆ ನನ್ನನ್ನು ಕೇಳಿ. ಈ ಸಲ ನಿಜವಾಗಿ ಕೇಳಿ.